ಶೋಕಗೀತೆ ಓದಿದವನು ಕಾಂಗೊಗೆ ಹೋದ

1963ರಲ್ಲಿ ಆಕ್ಸ್‌ಫರ್ಡಿನ ಇತಿಹಾಸ ಪ್ರಾಧ್ಯಾಪಕ ಹ್ಯೂ ಟ್ರೆವರ್-ರೋಪರ್, ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಯುರೋಪಿನ ಬಗ್ಗೆ ಉಪನ್ಯಾಸ ಮಾಲೆ ಕೊಟ್ಟರು. ಆಫ್ರಿಕಾದ ಇತಿಹಾಸವನ್ನೂ ಕಲಿಸಿ ಎಂದು ವಿದ್ಯಾರ್ಥಿಗಳು ಕೇಳತೊಡಗಿದ್ದ ಕಾಲವದು. ಅಲ್ಲಿ ಕಲಿಸಲು ಏನಿದೆ, ಯುರೋಪಿಯನ್ನರು ಮಾಡಿದ್ದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕತ್ತಲೆ ಎಂಬ ಅರ್ಥದ ಮಾತನ್ನು ಅವರು ಆಡಿದರು. ಇದೇ ಮಹಾಶಯರು 1983ರಲ್ಲಿ ಹಿಟ್ಲರನದೆನ್ನಲಾದ ಖೋಟಾ ದಿನಚರಿಗಳನ್ನು ಅಸಲಿ ಎಂದು ನಂಬಿ ಪೇಚಿಗೆ ಸಿಕ್ಕಿದ್ದು ಬೇರೆ ಕಥೆ. ಬರಹ ಕಣ್ಣೆದುರಿಗಿದ್ದ ಮಾತ್ರಕ್ಕೆ ಸತ್ಯ ಕೈಗೆ ಸಿಗುವುದಿಲ್ಲವಲ್ಲ!

1963ರ ಹೊತ್ತಿಗಾಗಲೇ ನೈಜೀರಿಯಾದಲ್ಲಿ ಆಫ್ರಿಕಾದ ಇತಿಹಾಸ ಬರೆಯುವ ಕೆಲಸ ಶುರುವಾಗಿತ್ತು. 1948ರಲ್ಲಿ ಹುಟ್ಟಿದ ಇಬಾದಾನ್ ಕಾಲೇಜು ಆರಂಭದಲ್ಲಿ ಲಂಡನ್ ವಿಶ್ವವಿದ್ಯಾಲಯದ ಪದವಿಗೇ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿತ್ತು. ಅಲ್ಲಿ ಇತಿಹಾಸ ಕಲಿಸಲು ಬಂದ ಕೆನೆತ್ ಡಿಕೆ, ನೈಜರ್ ನದಿಯ ಮುಖಜ ಪ್ರದೇಶದ ವ್ಯಾಪಾರ ಮತ್ತು ರಾಜಕೀಯವನ್ನು ಕುರಿತ ತಮ್ಮ ಪುಸ್ತಕವನ್ನು 1956ರಲ್ಲಿ ಪ್ರಕಟಿಸಿದರು. ಸರ್ಕಾರಿ ಕಚೇರಿಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಕಡತಗಳನ್ನು ಹುಡುಕಿಸಿ, ನೈಜೀರಿಯಾದ ರಾಷ್ಟ್ರೀಯ ಪತ್ರಾಗಾರಕ್ಕೆ ತಳಪಾಯ ಹಾಕಿದವರೂ ಅವರೇ. ಸಸೆಕ್ಸ್‌ನಲ್ಲಿ ‘ಕತ್ತಲೆ’ಯ ಮಾತು ಕೇಳಿಬಂದಾಗ ಡಿಕೆ ಇಬಾದಾನಿನ ಕುಲಪತಿಯಾಗಿದ್ದರು.

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದವರು ಬೆಲ್ಜಿಯಂನ ಯಾನ್ ವಾನ್ಸಿನಾ. ಲೂವೆನ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಮಧ್ಯಯುಗದ ಯುರೋಪ್. ಅಭ್ಯಾಸ ಮಾಡಿದ್ದು ಆ ಕಾಲದ ಶೋಕಗೀತೆಗಳನ್ನು. ಕೆಲಸ ಸಿಕ್ಕಿದ್ದು ಮಾತ್ರ ಕಾಂಗೊದಲ್ಲಿ. 1953ರ ಹೊತ್ತಿಗೆ ಅಲ್ಲಿನ ಕುಬಾ ಜನರ ನಡುವೆ ಕೂತು ಅವರು ಹೇಳುವುದನ್ನೆಲ್ಲ ಬರೆದುಕೊಳ್ಳುತ್ತಿದ್ದಾಗ, ಬಾಯಿಪಾಠವಾಗಿ ಬಂದ ಸಣ್ಣ ಪದ್ಯಗಳು ಕಿವಿಗೆ ಬಿದ್ದವು. ಅವಕ್ಕೂ ತಾನು ಲೂವೆನ್‌ನಲ್ಲಿ ಕಲಿತ ಪಾಠಗಳಿಗೂ ಹೋಲಿಕೆಯಿದೆ ಎಂದು ತಕ್ಷಣ ಹೊಳೆಯಿತು. ಮಠದಲ್ಲಿ ಕೂತು ನಕಲು ಮಾಡಿದವನು ಹೇಗೆ ಸಾಲು ಬಿಡುತ್ತಾನೋ, ಸೇರಿಸುತ್ತಾನೋ, ಒಡೆಯನಿಗೆ ಬೇಕಾದಂತೆ ತಿದ್ದುತ್ತಾನೋ, ಬಾಯಿಂದ ಬಾಯಿಗೆ ದಾಟಿಸುವವನೂ ಹಾಗೆಯೇ. ಯಾರು ಯಾರಿಂದ ಕೇಳಿದರು? ಹೇಳಿದವನಿಗೆ ಅದರಿಂದ ಲಾಭವೇನು? ಇನ್ನೊಂದು ಊರಿನ ಪಾಠದಲ್ಲಿ ಏನಿದೆ? ಹಸ್ತಪ್ರತಿಗೆ ಕೇಳುವ ಈ ಪ್ರಶ್ನೆಗಳನ್ನೇ ಅವರು ಹಾಡಿಗೂ ಕೇಳಿದರು. ಕುಬಾ ರಾಜನೊಬ್ಬನ ಕಾಲದಲ್ಲಿ ಸೂರ್ಯ ಕಪ್ಪಾದ ನೆನಪನ್ನು 1680ರ ಗ್ರಹಣಕ್ಕೆ ತಾಳೆ ಹಾಕಿ ಕಾಲ ಗೊತ್ತುಮಾಡಿದರು. 1961ರಲ್ಲಿ ಬಂದ ಅವರ ಮೌಖಿಕ ಪರಂಪರೆಯ ಪುಸ್ತಕ ಆಫ್ರಿಕಾ ಕಲಿಸುವ ವಿಭಾಗಗಳಿಗೆಲ್ಲ ಕೈಪಿಡಿಯಾಯಿತು.

ತಕರಾರುಗಳೂ ಬಂದವು, ಬರಲೇಬೇಕಿತ್ತು. ವಂಶಾವಳಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಪಾದ್ರಿಯ ಪುಸ್ತಕದಲ್ಲಿ ಅಚ್ಚಾದದ್ದೇ ಮತ್ತೆ ಅಜ್ಜನ ಬಾಯಲ್ಲಿ ಪುರಾತನವಾಗಿ ಹೊರಡುತ್ತದೆ. ಆದರೆ ಯುರೋಪಿನ ಕಾಗದವೇನು ಸಾಚಾ? ಸಾಮ್ರಾಟ ಕಾನ್‌ಸ್ಟಂಟೈನ್ ಪೋಪನಿಗೆ ಬರೆದುಕೊಟ್ಟನೆಂಬ ದಾನಪತ್ರ ಸುಳ್ಳೆಂದು ಲೊರೆಂಜೊ ವಲ್ಲಾ ತೋರಿಸಿದ್ದು 1440ರಲ್ಲಿ. ಅದಕ್ಕೆ ಮೊದಲು ಅದು ಶತಮಾನಗಳ ಕಾಲ ಚಲಾವಣೆಯಲ್ಲಿತ್ತು.

ಟೈಮ್‌ಟೇಬಲ್ಲಿನಲ್ಲಿ ಆಫ್ರಿಕಾ ಒಂದು ಕೊಠಡಿ, ಯುರೋಪ್ ಇನ್ನೊಂದು. ಆಕರಗಳು ಆ ಗೋಡೆಯನ್ನು ಕೇಳುವುದಿಲ್ಲ. ಕಾಂಗೊ ರಾಜ ಅಫೊನ್ಸೊ 1526ರಲ್ಲಿ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು, ನಿಮ್ಮ ವ್ಯಾಪಾರಿಗಳು ನನ್ನ ಜನರನ್ನು, ಕುಲೀನರ ಮಕ್ಕಳನ್ನೂ ಬಿಡದೆ ಹೊತ್ತೊಯ್ಯುತ್ತಿದ್ದಾರೆ ಎಂದು ದೂರಿದ. ಬರೆದದ್ದು ಪೋರ್ಚುಗೀಸಿನಲ್ಲಿ. ಬರೆದವನು ಕ್ರೈಸ್ತ, ಅವನ ಮಗ ಹೆನ್ರಿಕ್ 1518ರಲ್ಲೇ ಬಿಷಪ್ ಪದವಿಗೇರಿದ್ದ. ಯುದ್ಧದಲ್ಲಿ ಸೆರೆಸಿಕ್ಕವರನ್ನು ಮಾರಲು ಇದೇ ಅಫೊನ್ಸೊ ಹಿಂಜರಿದವನಲ್ಲ ಎಂಬುದನ್ನೂ ಮರೆಯಬಾರದು. ಈ ಪತ್ರವನ್ನು ಯಾವ ಕೊಠಡಿಯಲ್ಲಿ ಓದಿಸುವುದು?

ಪೋರ್ಚುಗೀಸರ ಹಡಗುಗಳು ನಮ್ಮ ಕರಾವಳಿಯ ಪಕ್ಕಕ್ಕೂ ಬಂದವು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಸಿದ್ದಿಗಳಲ್ಲಿ ಬಹಳ ಮಂದಿಯ ಪೂರ್ವಿಕರು, ಪೋರ್ಚುಗೀಸರು ಗುಲಾಮರನ್ನಾಗಿಸಿ ಗೋವಾಕ್ಕೆ ತಂದಿದ್ದ ಆಫ್ರಿಕನ್ನರು. ಇಂದು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗೋವಾದ ಕಡೆಯ ಕಥೆಗೆ ಪೋರ್ಚುಗೀಸ್ ದಾಖಲೆಗಳಿವೆ. ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದ ಮೇಲಿನ ಕಥೆಗೆ ಕಾಗದ ಕಡಿಮೆ. ಅದನ್ನು ಹುಡುಕುವ ಸಂಶೋಧಕ ಡಮಾಮಿ ಡೋಲು ಬಡಿಯುವವರ ಹಾಡನ್ನೂ, ಹಿರಿಯರ ಮಾತನ್ನೂ ವಾನ್ಸಿನಾ ಕೇಳಿದ ಪ್ರಶ್ನೆಗಳನ್ನು ಇಟ್ಟುಕೊಂಡೇ ಕೇಳಬೇಕಾಗುತ್ತದೆ.