ಕಪ್ಪು ಬಿಯರಿನಲ್ಲಿ ಬೆಲ್ಲದ ಪಾಕ, ಒಣದ್ರಾಕ್ಷಿ, ಲವಂಗ!

ಹೈದರಾಬಾದ್: ಬಿಯರ್ ಎಂದೊಡನೆ ಈ ಊರಿನಲ್ಲಿ ಕಣ್ಣಮುಂದೆ ಬರುವ ಚಿತ್ರ ಒಂದೇ. 650 ಎಂ.ಎಲ್.ನ ಬಾಟಲಿ, ಅದರ ಮೈತುಂಬ ತಣ್ಣನೆಯ ಹನಿ, ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ‘ಸ್ಟ್ರಾಂಗ್’. ರುಚಿ ಹೇಗಿದೆ ಎಂದು ಕೇಳಿದರೆ ‘ಚಿಲ್ಡ್ ಇದೆ’ ಎಂಬ ಉತ್ತರ. ಸ್ಟ್ರಾಂಗ್ ಎಂದರೆ ಬೇಗ ಏರಬೇಕು, ಅಷ್ಟೇ. ಜುಬಿಲಿ ಹಿಲ್ಸ್, ಗಚ್ಚಿಬೌಲಿ ಕಡೆಯ ಮೈಕ್ರೋಬ್ರೂವರಿಗಳಿಗೆ ವಾರಾಂತ್ಯದಲ್ಲಿ ಹೋಗಿಬರುವ ನಮ್ಮ ಯುವ ಕನ್ನಡಿಗರಲ್ಲಿ ಕೆಲವರಿಗೆ ಈಗ ಬೇರೊಂದು ಸ್ಟ್ರಾಂಗ್‌ನ ಪರಿಚಯವಾಗುತ್ತಿದೆ. ಅದು ಬೆಲ್ಜಿಯನ್ ಶೈಲಿಯ ಗಾಢ ಬಣ್ಣದ ಏಲ್. ಬೆಲ್ಜಿಯನ್ ವಿಟ್ ಎಂಬ ಗೋಧಿಯ ತಿಳಿ ಬಿಯರ್ ಎಲ್ಲೆಡೆ ಸಿಗುತ್ತದೆ. ಈ ಕಪ್ಪು ಅಣ್ಣ ಮಾತ್ರ ಅಪರೂಪದ ಅತಿಥಿ.

ಕಪ್ಪು ಎಂದರೂ ಅದು ನಿಜವಾದ ಕಪ್ಪಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ದಾಳಿಂಬೆ ಸಿಪ್ಪೆಯ ಕಷಾಯದಂಥ ಕೆಂಪು ಹೊಳೆಯುತ್ತದೆ. ಮೇಲೆ ಫಿಲ್ಟರ್ ಕಾಫಿಯ ನೊರೆಯ ಬಣ್ಣದ ದಪ್ಪ ನೊರೆ ಬೇಗ ಕರಗದೆ ನಿಲ್ಲುತ್ತದೆ. ಮೂಗಿನ ಹತ್ತಿರ ತಂದರೆ ಮೊದಲು ಬರುವುದು ಒಣದ್ರಾಕ್ಷಿ ಮತ್ತು ಉತ್ತುತ್ತೆಯ ವಾಸನೆ. ಅದರ ಹಿಂದೆ, ಸಂಕ್ರಾಂತಿಗೆ ಮನೆಯಲ್ಲಿ ಎಳ್ಳುಂಡೆಗೆಂದು ಒಲೆಯ ಮೇಲಿಟ್ಟ ಬೆಲ್ಲದ ಪಾಕ ಇನ್ನೇನು ತಳ ಹಿಡಿಯಬೇಕು ಎನ್ನುವಾಗ ಏಳುವ ಘಮ. ಮತ್ತೆ ಮೂಸಿದರೆ ಕಳಿತ ಬಾಳೆಹಣ್ಣು, ಒಂದೆರಡು ಲವಂಗ.

ಬಾಯಿಗೆ ಹಾಕಿಕೊಂಡಾಗ ಅಚ್ಚರಿ. ಇಷ್ಟು ಸಿಹಿ ವಾಸನೆಯ ಪಾನೀಯ ಪಾನಕದಂತೆ ಅಂಟಂಟಾಗಿ ಇರಬೇಕಿತ್ತು. ಹಾಗಿಲ್ಲ. ಮೊದಲ ಗುಟುಕು ಸಿಹಿ, ನಡುವೆ ಹುರಿದ ಧಾನ್ಯದ ರುಚಿ, ಕೊನೆಗೆ ನಾಲಗೆ ಒಣಗಿಸುವ ಸಣ್ಣ ಒಗರು. ಕಹಿ ಬಹಳ ಕಡಿಮೆ. ನುಂಗಿದ ಮೇಲೆ ಎದೆಯಲ್ಲಿ ಶುಂಠಿ ಕಷಾಯ ಕುಡಿದಂತೆ ನಿಧಾನವಾಗಿ ಬಿಸಿ ಹರಡುತ್ತದೆ. ಅಮಲಿನ ಇರುವು ತಿಳಿಯುವುದೇ ಆಗ.

ಇದನ್ನು ಐಸಿನಂತೆ ತಣ್ಣಗೆ ಮಾಡಿ ಕೊಡುವುದು ದೊಡ್ಡ ತಪ್ಪು. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಊರಿನಲ್ಲಿ ಈ ಮಾತು ಯಾರಿಗೂ ಹಿಡಿಸಲಿಕ್ಕಿಲ್ಲ. ಆದರೆ 10ರಿಂದ 14 ಡಿಗ್ರಿಯಲ್ಲಿದ್ದರೆ ಮಾತ್ರ ಇದರ ವಾಸನೆ ಬಿಡುತ್ತದೆ. ಅದಕ್ಕಿಂತ ತಣ್ಣಗಿದ್ದರೆ ನಾಲಗೆ ಮರಗಟ್ಟಿ ಎಲ್ಲ ಬಿಯರೂ ಒಂದೇ ಆಗುತ್ತದೆ. ಬಾಯಿ ಅಗಲದ, ಕಾಲುಳ್ಳ ಗ್ಲಾಸಿನಲ್ಲಿ ಇದನ್ನು ಕೊಡುವುದೂ ವಾಸನೆಗಾಗಿಯೇ. ಬಂದ ಗ್ಲಾಸನ್ನು ಹತ್ತು ನಿಮಿಷ ಹಾಗೇ ಬಿಟ್ಟು ಮಾತಾಡುತ್ತ ಕುಳಿತವರಿಗೆ ಎರಡನೇ ಅರ್ಧವೇ ಹೆಚ್ಚು ರುಚಿ.

ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಇದಕ್ಕೆ ಹಾಕಿರಬೇಕಾಗಿಲ್ಲ. ಎಲ್ಲ ಯೀಸ್ಟಿನ ಕೆಲಸ. ಸಾಮಾನ್ಯ ಲಾಗರ್ ಬಿಯರನ್ನು ಹತ್ತು ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ಹುದುಗಿಸಿದರೆ, ಬೆಲ್ಜಿಯನ್ ಯೀಸ್ಟು ಇಪ್ಪತ್ತು ಡಿಗ್ರಿ ದಾಟಿದ ಬೆಚ್ಚನೆಯಲ್ಲಿ ಕೆಲಸ ಮಾಡುತ್ತದೆ. ಆಗ ಅದು ಸೃಷ್ಟಿಸುವ ಐಸೋಅಮೈಲ್ ಅಸಿಟೇಟ್ ಎಂಬ ವಸ್ತು ನಮ್ಮ ಬಾಳೆಹಣ್ಣಿನ ಘಮದಲ್ಲಿ ಇರುವುದೇ. ಲವಂಗದ ವಾಸನೆ ಫೀನಾಲುಗಳದ್ದು. ಬಣ್ಣ ಮತ್ತು ಪಾಕದ ರುಚಿ ಮುಖ್ಯವಾಗಿ ಬರುವುದು ಕಾಯಿಸಿ ಕಪ್ಪಾಗಿಸಿದ ಕ್ಯಾಂಡಿ ಸಕ್ಕರೆಯಿಂದ. ಸಕ್ಕರೆಯ ಬಹುಪಾಲನ್ನು ಯೀಸ್ಟು ತಿಂದು ಮದ್ಯಸಾರ ಮಾಡಿಬಿಡುತ್ತದೆ. ಬಿಯರ್ ಬಲಿಷ್ಠವಾಗಿಯೂ ಮೈ ಹಗುರವಾಗಿ ಉಳಿಯುವ ಗುಟ್ಟು ಇದು. ಆ ಸಕ್ಕರೆಯ ಜಾಗದಲ್ಲಿ ನಮ್ಮ ಬೆಲ್ಲ ಬಳಸಿ ನೋಡಿದ ಬ್ರೂವರ್‌ಗಳೂ ದೇಶದಲ್ಲಿದ್ದಾರೆ. ಮಂಡ್ಯದವರು ಕೇಳಿ ಸಂತೋಷಪಡಬಹುದು.

ಮೂಲತಃ ಇದು ಮಠದ ಸರಕು ಎಂದರೆ ನಮ್ಮವರು ಹುಬ್ಬೇರಿಸುತ್ತಾರೆ. ಬೆಲ್ಜಿಯಂನ ಟ್ರಾಪಿಸ್ಟ್ ಸಂನ್ಯಾಸಿಗಳ ಮಠಗಳಲ್ಲಿ ಶಿಮೇ, ರೋಶ್‌ಫೋರ್, ವೆಸ್ಟ್‌ಮಾಲ್, ವೆಸ್ಟ್‌ಫ್ಲೆಟರನ್ ಗಾಢ ಏಲ್‌ಗಳಿಗೆ ಹೆಸರುವಾಸಿ. ಮಠದ ಆವರಣದಲ್ಲಿಯೇ ತಯಾರಾಗಬೇಕು, ಸಂನ್ಯಾಸಿಗಳ ನಿಗಾ ಇರಬೇಕು, ಬಂದ ಹಣ ಮಠದ ಖರ್ಚಿಗೆ ಮತ್ತು ದಾನಕ್ಕೆ ಹೋಗಬೇಕು ಎಂಬುದು ಟ್ರಾಪಿಸ್ಟ್ ಮುದ್ರೆಯ ಷರತ್ತು. ಶಿಮೇ ನೀಲಿ ಬಾಟಲಿ ಶೇ. 9, ರೋಶ್‌ಫೋರ್ 10 ಎಂಬುದು ಶೇ. 11.3. ಸಂನ್ಯಾಸಿಗಳು ತಾವು ಊಟಕ್ಕೆಂದು ಮಾಡಿಕೊಂಡದ್ದು ಮಾತ್ರ ಇದರ ಅರ್ಧದಷ್ಟು ಬಲದ ತಿಳಿ ಬಿಯರ್. ಬಲಿಷ್ಠವಾದದ್ದು ಪೇಟೆಗೆ! 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ದೇಶದಲ್ಲಿ ಬಲಿಷ್ಠ ಬಿಯರಿಗೆ ಬೇಡಿಕೆ ಏರಿದ್ದರ ಹಿಂದೆ ಒಂದು ಕಾನೂನೂ ಇದೆ. 1919ರಲ್ಲಿ ವಾಂಡರ್‌ವೆಲ್ಡೆ ಕಾಯ್ದೆ ಹೋಟೆಲು, ಕೆಫೆಗಳಲ್ಲಿ ಭಟ್ಟಿ ಇಳಿಸಿದ ಮದ್ಯ ಕೊಡುವುದನ್ನು ನಿಷೇಧಿಸಿತು. ಕಾರ್ಮಿಕರನ್ನು ಜಿನ್ನಿನಿಂದ ಬಿಡಿಸುವುದು ಉದ್ದೇಶ. ಜಿನ್ನು ಕಳೆದುಕೊಂಡವರಿಗಾಗಿ ಬ್ರೂವರ್‌ಗಳು ಬಿಯರನ್ನೇ ಗಟ್ಟಿ ಮಾಡಿದರು. ಕಾಯ್ದೆ 1983ರಲ್ಲಿ ಹೋಯಿತು, ಬಿಯರ್ ಉಳಿಯಿತು.

ಹೈದರಾಬಾದಿನ ಹಿರಿಯ ಕನ್ನಡಿಗರಿಗೆ ಇಂಥ ಕಥೆ ಹೊಸದಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ವಿರುದ್ಧ ಎದ್ದದ್ದು, 1993ರಲ್ಲಿ ಸಾರಾಯಿ ನಿಷೇಧ, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ತಂದ ಪೂರ್ಣ ಪಾನನಿಷೇಧ, 1997ರಲ್ಲಿ ಅದು ಸಡಿಲವಾದದ್ದು ಎಲ್ಲವನ್ನೂ ಅವರು ಕಂಡವರು. ಅತ್ತ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳಲ್ಲಿ ಕುಡಿತದಿಂದ ಹೊಲ ಕಳೆದುಕೊಂಡ ಒಬ್ಬ ಬಂಧುವಿನ ನೆನಪು ಇಲ್ಲದಿರುವುದು ಅಪರೂಪ. 2025ರ ಜುಲೈನಲ್ಲಿ ಇದೇ ನಗರದ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಹೀಗಿರುವಾಗ ಮಗ ಬಂದು ‘ಇದರಲ್ಲಿ ಉತ್ತುತ್ತೆಯ ವಾಸನೆ ಇದೆ’ ಎಂದರೆ ತಾಯಿಯ ಮುಖ ಅರಳಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಇನ್ನು ನಮ್ಮ ‘ಸ್ಟ್ರಾಂಗ್’ ಹುಟ್ಟಿದ್ದು ಹೆಚ್ಚಾಗಿ ಲೆಕ್ಕಾಚಾರದಿಂದ. ಕೊಟ್ಟ ಕಾಸಿಗೆ ಹೆಚ್ಚು ಅಮಲು ಬೇಕು ಎಂಬ ಗಿರಾಕಿಯ ಹಟಕ್ಕೆ ತಕ್ಕಂತೆ ದೇಶದ ಬಿಯರ್ ಮಾರಾಟದ ಬಹುಪಾಲು ಸ್ಟ್ರಾಂಗ್ ಆಗಿಯೇ ಇದೆ. ಅದರ ಮೇಲೆ ಬೆಂಗಳೂರಿನ ಕೈ ದೊಡ್ಡದು. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್ 2025ರ ಜನವರಿಯಲ್ಲಿ ಬಾಕಿ ಹಣ ಮತ್ತು ದರದ ತಕರಾರಿನಿಂದ ತೆಲಂಗಾಣಕ್ಕೆ ಕೆಲ ದಿನ ಸರಬರಾಜು ನಿಲ್ಲಿಸಿದಾಗ ಇಲ್ಲಿ ಎದ್ದ ಗದ್ದಲ ನೆನಪಿರಬಹುದು. ಮುಂದಿನ ತಿಂಗಳು ಸರ್ಕಾರ ಬಿಯರ್ ದರವನ್ನು ಶೇ. 15 ಏರಿಸಿತು.

ಕ್ರಾಫ್ಟ್ ಬಿಯರಿನಲ್ಲಿಯೂ ಬೆಂಗಳೂರೇ ಮುಂದು. 2011ರ ಸುಮಾರಿಗೆ ದಿ ಬಿಯರ್ ಕ್ಲಬ್, ಟಾಯ್ಟ್ ಅಲ್ಲಿ ದಾರಿ ತೆರೆದವು. ಗೈಸ್ಟ್ ಎಂಬ ಬೆಂಗಳೂರಿನ ಬ್ರ್ಯಾಂಡ್ ಮೊದಲು ತನ್ನ ಬಿಯರನ್ನು ಬೆಲ್ಜಿಯಂನಲ್ಲಿಯೇ ಮಾಡಿಸಿ ತರಿಸುತ್ತಿತ್ತು. ತೆಲಂಗಾಣ ಮೈಕ್ರೋಬ್ರೂವರಿ ನಿಯಮಗಳನ್ನು ತಂದದ್ದು 2015ರಲ್ಲಿ. ಆದರೆ ಎಲ್ಲೇ ಮಾಡಲಿ, ಒಂದು ಮಿತಿ ಇದೆ. ದೇಶದ ಆಹಾರ ಸುರಕ್ಷತಾ ಮಾನದಂಡದಂತೆ ಬಿಯರಿನ ಮದ್ಯಸಾರ ಶೇ. 8 ದಾಟುವಂತಿಲ್ಲ. ಬೆಲ್ಜಿಯಂನ ದೊಡ್ಡಣ್ಣಂದಿರು ಅಲ್ಲಿಂದಾಚೆಗೇ ಶುರುವಾಗುವುದು. ಇಲ್ಲಿ ಸಿಗುವುದು ಅದರ ತಮ್ಮ ಡುಬ್ಬೆಲ್, ಇಲ್ಲವೇ ಗೆರೆಯೊಳಗೆ ಹಿಡಿದಿಟ್ಟ ಅಣ್ಣ. ರಸಿಕರಿಗೆ ಇದು ಕೊರತೆ ಅನ್ನಿಸಬಹುದು. ಮನೆಗೆ ಹೋಗಬೇಕಾದವರಿಗೆ ಅಷ್ಟೇ ಸಾಕು.

ಏಕೆಂದರೆ ಈ ಬಿಯರಿನ ನಿಜವಾದ ಅಪಾಯ ಅದರ ಸೌಮ್ಯತೆಯಲ್ಲಿದೆ. ಶೇ. 8ರ 330 ಎಂ.ಎಲ್. ಗ್ಲಾಸಿನಲ್ಲಿ 26 ಎಂ.ಎಲ್.ಗಿಂತ ಹೆಚ್ಚು ಶುದ್ಧ ಮದ್ಯಸಾರ ಇರುತ್ತದೆ. 60 ಎಂ.ಎಲ್. ವಿಸ್ಕಿಯ ಲಾರ್ಜ್ ಪೆಗ್ಗಿನಲ್ಲಿ ಇರುವುದೂ ಸುಮಾರು ಅಷ್ಟೇ. ವಿಸ್ಕಿ ಗಂಟಲಲ್ಲಿ ಸುಟ್ಟು ಎಚ್ಚರಿಸುತ್ತದೆ. ಇದು ಉತ್ತುತ್ತೆ ಬಾಳೆಹಣ್ಣು ಎನ್ನುತ್ತಲೇ ಒಳಗಿಳಿಯುತ್ತದೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ. ಸಾಧಾರಣ ಮೈಕಟ್ಟಿನವರೂ ಒಂದೇ ಗ್ಲಾಸಿಗೆ ಅದನ್ನು ದಾಟಬಹುದು. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜುಬಿಲಿ ಹಿಲ್ಸ್‌ನ ರಸ್ತೆಗಳಲ್ಲಿ ಶನಿವಾರ ರಾತ್ರಿ ಪೊಲೀಸರ ಊದುಯಂತ್ರಕ್ಕೆ ಲವಂಗ ಯಾವುದು, ಯೀಸ್ಟು ಯಾವುದು ಎಂಬ ಭೇದವಿಲ್ಲ. 21 ವರ್ಷ ತುಂಬದವರಿಗೆ ತೆಲಂಗಾಣದಲ್ಲಿ ಮದ್ಯ ಕೊಡುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಜೊತೆಗೆ ಏನು ತಿನ್ನಬೇಕು? ಮಿರ್ಚಿ ಬಜ್ಜಿ ಬೇಡ, ಖಾರದ ಎದುರು ಮದ್ಯಸಾರ ಇನ್ನೂ ಉರಿಯುತ್ತದೆ. ನಿಧಾನಕ್ಕೆ ಬೆಂದ ಮಾಂಸ ಒಪ್ಪುತ್ತದೆ. ಸಸ್ಯಾಹಾರಿಗಳಿಗೆ ಹುರಿದ ಗೋಡಂಬಿ, ಗಟ್ಟಿ ಚೀಸ್. ಹೈದರಾಬಾದಿನದೇ ಆದ ಖುಬಾನಿ ಕಾ ಮೀಠಾ ಇದರ ಸ್ವಂತ ತಂಗಿಯಂತಿದೆ, ಎರಡರಲ್ಲೂ ಒಣಹಣ್ಣಿನ ಅದೇ ಗಾಢತೆ. ಧಾರವಾಡದ ಪೇಢೆಯ ಕಂದಿದ ಖೋವಾ ರುಚಿಯೂ ಚೆನ್ನಾಗಿ ಹೊಂದೀತು. ಆದರೆ ಊರಿನಿಂದ ಬಂದ ಪೇಢೆಯ ಡಬ್ಬಿಯನ್ನು ಬಾರಿಗೆ ಒಯ್ಯುವ ಧೈರ್ಯ ಎಷ್ಟು ಜನರಿಗಿದೆಯೋ.

ಬ್ರೂವರಿಗಳಲ್ಲಿ ಪೂರ್ತಿ ಗ್ಲಾಸು ತರಿಸುವ ಮೊದಲು ಸಣ್ಣ ಲೋಟದಲ್ಲಿ ರುಚಿ ನೋಡಲು ಕೇಳಬಹುದು. ಯಾವ ಬಿಯರ್, ಶೇಕಡಾ ಎಷ್ಟು ಎಂದು ಕೇಳುವುದಕ್ಕೂ ಸಂಕೋಚ ಬೇಡ. ಟ್ಯಾಪಿನ ಬಿಯರ್ ವಾರದಿಂದ ವಾರಕ್ಕೆ ಬದಲಾಗುತ್ತದೆ, ಕಪ್ಪು ಏಲ್ ಇಲ್ಲದ ದಿನ ಸ್ಟೌಟ್ ತಂದು ‘ಅದೇ ಸಾರ್’ ಎನ್ನುವುದುಂಟು. ಅದು ಅದೇ ಅಲ್ಲ. ಸ್ಟೌಟಿನಲ್ಲಿ ಸುಟ್ಟ ಕಾಫಿ ಬೀಜದ ಕಹಿ ಇರುತ್ತದೆ, ಬೆಲ್ಲದ ಪಾಕ ಇರುವುದಿಲ್ಲ.