ಲೋಕಸಭೆಯಲ್ಲಿ ಗಡಿನಾಡಿನ ಪಾಲು

ಜನರಲ್ಲಿರುವ ವೈವಿಧ್ಯ ಅವರು ಆರಿಸಿ ಕಳಿಸಿದ ಸಭೆಯಲ್ಲೂ ಇದೆಯೇ ಎಂದು ನೋಡುವ ಕ್ರಮ ಸರಳವಾದದ್ದು. ಒಂದು ವರ್ಗದ ಪಾಲು ಜನಗಣತಿಯಲ್ಲಿ ಎಷ್ಟು, ಸಭೆಯಲ್ಲಿ ಎಷ್ಟು ಎಂದು ಹೋಲಿಸಿದರೆ ಆಯಿತು. 2011ರ ಜನಗಣತಿಯಂತೆ ದೇಶದಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6, ಪರಿಶಿಷ್ಟ ಪಂಗಡದವರು ಶೇ. 8.6. ಲೋಕಸಭೆಯ 543 ಸ್ಥಾನಗಳಲ್ಲಿ ಇವರಿಗೆ ಕ್ರಮವಾಗಿ 84 ಮತ್ತು 47 ಮೀಸಲು. ಇಲ್ಲಿ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ, ಏಕೆಂದರೆ ಸಂವಿಧಾನವೇ ಕೂಡಿಸಿದೆ. ಸಂವಿಧಾನ ಕೈಹಾಕದ ಕಡೆ ಕೂಡಿಬಂದಿಲ್ಲ. ಜನಸಂಖ್ಯೆಯ ಅರ್ಧದಷ್ಟಿರುವ ಮಹಿಳೆಯರಿಂದ 2024ರಲ್ಲಿ ಗೆದ್ದವರು 74 ಮಂದಿ ಮಾತ್ರ. ಶೇ. 14ರಷ್ಟಿರುವ ಮುಸ್ಲಿಮರಿಗೆ ದಕ್ಕಿದ್ದು ನೂರರಲ್ಲಿ ಐದಕ್ಕಿಂತ ಕಡಿಮೆ ಸ್ಥಾನ.

ಭಾಷೆಯ ಮಾತು ಬಂದಾಗ ಈ ಹೋಲಿಕೆಯನ್ನು ಯಾರೂ ಮಾಡುವುದಿಲ್ಲ. ರಾಜ್ಯಗಳೇ ಭಾಷೆಯ ಮೇಲೆ ನಿಂತಿವೆ. ಆಯಾ ರಾಜ್ಯದ ಸಂಸದರು ಆಯಾ ಭಾಷಿಕರ ಪ್ರತಿನಿಧಿಗಳಾಗುತ್ತಾರೆ ಎಂಬುದು ಎಲ್ಲರೂ ಒಪ್ಪಿಕೊಂಡ ತಿಳಿವಳಿಕೆ. ಕರ್ನಾಟಕದ 28 ಸ್ಥಾನಗಳ ಮಟ್ಟಿಗೆ ಅದು ಬಹುಪಾಲು ನಿಜವೇ. ಗಡಿಯ ಆಚೆಗೆ ಉಳಿದವರ ಮಟ್ಟಿಗೆ ನಿಜವಲ್ಲ.

ಮರಾಠವಾಡಾದ ಅಂಚಿನ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಇದಕ್ಕೆ ಸಾಕ್ಷಿ. ಮೂರೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನಡೆಯುತ್ತಿದ್ದ ಆ ಜಿಲ್ಲೆ 1956ರ ನವೆಂಬರ್ 1ರಂದು ಒಡೆಯಿತು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಸೇರಿದವು, ಬೀದರ ಮೈಸೂರು ರಾಜ್ಯಕ್ಕೆ ಬಂತು. ಹೊಸ ಗೆರೆ ಆಡಳಿತವನ್ನು ಬೇರೆ ಮಾಡಿತೇ ಹೊರತು ನೆಂಟಸ್ತನವನ್ನಲ್ಲ. ಉಮರ್ಗಾದ ಕಡೆಯವರಿಗೆ ಬಸವಕಲ್ಯಾಣ ಮತ್ತು ಆಳಂದ ಇಂದಿಗೂ ನೆರೆಯ ಊರುಗಳು; ಉದಗೀರದಿಂದ ರೈಲು ಕಮಲನಗರ, ಭಾಲ್ಕಿಯ ಮೇಲೆ ಬೀದರಕ್ಕೆ ಹೋಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆ ಮತ್ತು ಕಚೇರಿಯಲ್ಲಿ ಮರಾಠಿ ಎಂಬ ಬದುಕು ಈ ಗಡಿಯ ಹಳ್ಳಿಗಳಿಗೆ ಹೊಸದಲ್ಲ.

2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ರಾಜ್ಯದ ಜನಸಂಖ್ಯೆ 11 ಕೋಟಿ 23 ಲಕ್ಷ. ಬರೀ ಪ್ರಮಾಣದ ಲೆಕ್ಕ ಹಿಡಿದರೆ 288 ಸ್ಥಾನಗಳ ವಿಧಾನಸಭೆಯಲ್ಲಿ ಇವರ ಪಾಲಿಗೆ ಎರಡೂವರೆ ಸ್ಥಾನ ಬರಬೇಕು. ಲೋಕಸಭೆಗೆ ಹೋಗುವ 48 ಮಂದಿಯಲ್ಲಿ ಅರ್ಧ ಸ್ಥಾನವೂ ಬರುವುದಿಲ್ಲ. ಆ ಅಲ್ಪ ಬಲವೂ ಒಂದೆಡೆ ಇಲ್ಲ. ಉಮರ್ಗಾ ಧಾರಾಶಿವ ಲೋಕಸಭಾ ಕ್ಷೇತ್ರದಲ್ಲಿದೆ, ನಿಲಂಗಾ ಮತ್ತು ಉದಗೀರ ಲಾತೂರಿನಲ್ಲಿ, ಕನ್ನಡಿಗರಿರುವ ಇತರ ತಾಲ್ಲೂಕುಗಳಾದ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ಸೊಲ್ಲಾಪುರದಲ್ಲಿ, ಜತ್ತ ಸಾಂಗಲಿಯಲ್ಲಿ. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ಪದ್ಧತಿಯಲ್ಲಿ ಹೀಗೆ ಹಂಚಿಹೋದ ಮತ ಯಾರನ್ನಾದರೂ ಗೆಲ್ಲಿಸಲು ನೆರವಾದೀತು. ತನ್ನ ಮಾತನ್ನೇ ಮೊದಲಾಗಿ ಆಡುವ ಪ್ರತಿನಿಧಿಯನ್ನು ಕಳಿಸಲಾರದು.

ಜಾತಿಯ ಪ್ರಾತಿನಿಧ್ಯ ಇದೇ ನೆಲದಲ್ಲಿ ಬೇರೆ ರೀತಿ ನಡೆದಿದೆ. ಮಹಾರಾಷ್ಟ್ರದ 48 ಲೋಕಸಭಾ ಸ್ಥಾನಗಳಲ್ಲಿ ಐದು ಪರಿಶಿಷ್ಟ ಜಾತಿಗೆ, ನಾಲ್ಕು ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು ಅವರ ಸಂಖ್ಯೆ ಹೆಚ್ಚಿರುವ ಕಡೆ ಇರಬೇಕು, ಜೊತೆಗೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಕೆಯೂ ಆಗಬೇಕು ಎನ್ನುತ್ತದೆ ಕಾನೂನು. 2004ರವರೆಗೆ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಮೀಸಲಾಗಿತ್ತು, ಲಾತೂರು ಸಾಮಾನ್ಯವಾಗಿತ್ತು. 2008ರ ಮರುವಿಂಗಡಣೆಯ ನಂತರ ಅದು ಅದಲುಬದಲಾಯಿತು. ವಿಧಾನಸಭೆಗೆ ಉಮರ್ಗಾ, ಉದಗೀರ ಎರಡೂ ಪರಿಶಿಷ್ಟ ಜಾತಿಗೆ ಮೀಸಲು, ನಿಲಂಗಾ ಸಾಮಾನ್ಯ. ಮೀಸಲು ಕ್ಷೇತ್ರದಲ್ಲಿ ಮತ ಹಾಕುವವರು ಎಲ್ಲ ಜಾತಿಯವರು, ಸ್ಪರ್ಧಿಸುವವರು ಮಾತ್ರ ಪರಿಶಿಷ್ಟರು. ಆದ್ದರಿಂದ ಗೆದ್ದವರು ಇಡೀ ಕ್ಷೇತ್ರಕ್ಕೆ ಉತ್ತರ ಹೇಳಬೇಕಾಗುತ್ತದೆ. ಮೀಸಲಾತಿ ಊರನ್ನು ಒಡೆಯುತ್ತದೆ ಎನ್ನುವವರು ಈ ಏರ್ಪಾಟನ್ನು ಗಮನಿಸಬೇಕು.

ಮಹಿಳೆಯರ ವಿಷಯದಲ್ಲಿ ಲಾತೂರು, ಉಸ್ಮಾನಾಬಾದ್ ಲೋಕಸಭಾ ಕ್ಷೇತ್ರಗಳು ಒಮ್ಮೆ ದೇಶಕ್ಕಿಂತ ಮುಂದಿದ್ದವು. 2004ರಲ್ಲಿ ಲಾತೂರಿನಲ್ಲಿ ರೂಪಾತಾಯಿ ಪಾಟೀಲ ನಿಲಂಗೇಕರ ಅವರು ಏಳು ಬಾರಿ ಗೆದ್ದಿದ್ದ, ಲೋಕಸಭೆಯ ಸ್ಪೀಕರ್ ಆಗಿದ್ದ ಶಿವರಾಜ ಪಾಟೀಲರನ್ನು ಸೋಲಿಸಿದರು. ಉಸ್ಮಾನಾಬಾದಿನಿಂದ ಕಲ್ಪನಾ ನರಹಿರೆ ಗೆದ್ದರು. ಆಮೇಲಿನ ನಾಲ್ಕು ಚುನಾವಣೆಗಳಲ್ಲಿ ಎರಡೂ ಕಡೆ ಗಂಡಸರೇ. ಕಾನೂನಿನ ಆಸರೆಯಿಲ್ಲದೆ ಬಂದ ಪಾಲು ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮೀಸಲಿರುವುದರಿಂದ ಇದೇ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಹಿಳಾ ಸರಪಂಚರು ಇಂದು ಸಾಮಾನ್ಯ. ಲೋಕಸಭೆಯಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ತಿದ್ದುಪಡಿ 2023ರಲ್ಲಿ ಅಂಗೀಕಾರವಾದರೂ ಅದನ್ನು ಜನಗಣತಿ ಮತ್ತು ಮರುವಿಂಗಡಣೆಗೆ ಕಟ್ಟಿಹಾಕಲಾಯಿತು. 2024ರ ಚುನಾವಣೆ ಅದಿಲ್ಲದೆ ನಡೆಯಿತು.

ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನ ಸ್ಥಾನ ಕೊಡಲಿಲ್ಲ, ರಕ್ಷಣೆ ಕೊಟ್ಟಿತು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ ಸೇರಿದ 350ಎ ವಿಧಿ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಇರಬೇಕೆನ್ನುತ್ತದೆ. 350ಬಿ ವಿಧಿಯಂತೆ ನೇಮಕವಾಗುವ ವಿಶೇಷ ಅಧಿಕಾರಿಯ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರುತ್ತದೆ. ಪ್ರತಿನಿಧಿಯಿಲ್ಲದ ಗಡಿನಾಡ ಕನ್ನಡಿಗರ ಅಹವಾಲು ಸಂಸತ್ತಿನ ಮೇಜಿಗೆ ತಲುಪುವ ಅಧಿಕೃತ ದಾರಿ ಅದು. ಗೆರೆಯ ಈಚೆ ಬೀದರ ಜಿಲ್ಲೆಯ ಔರಾದ, ಭಾಲ್ಕಿ, ಬಸವಕಲ್ಯಾಣಗಳ ಮರಾಠಿ ಮಾತಿನವರಿಗೂ ಅದೇ ದಾರಿ. ಎರಡು ರಾಜ್ಯಗಳ ಗಡಿವಾದದಲ್ಲಿ ಈ ಸಮಾನ ಸ್ಥಿತಿ ಮರೆತುಹೋಗುತ್ತದೆ, ಮರೆಯಬಾರದು.

ಬೇರೆ ದೇಶಗಳು ಇನ್ನೂ ಮುಂದೆ ಹೋಗಿವೆ. ಸ್ಲೊವೇನಿಯಾದ 90 ಸದಸ್ಯರ ಸಭೆಯಲ್ಲಿ ಇಟಾಲಿಯನ್ ಮತ್ತು ಹಂಗೇರಿಯನ್ ಅಲ್ಪಸಂಖ್ಯಾತರಿಗೆ ಒಂದೊಂದು ಸ್ಥಾನವಿದೆ. ಜರ್ಮನಿಯಲ್ಲಿ ಡೆನ್ಮಾರ್ಕ್ ಗಡಿಯ ಡೇನಿಶ್ ಜನರ ಪಕ್ಷಕ್ಕೆ ಶೇ. 5ರಷ್ಟು ಮತ ಗಳಿಸಲೇಬೇಕೆಂಬ ನಿಯಮದಿಂದ ವಿನಾಯಿತಿಯಿದೆ. 2021ರಲ್ಲಿ ಅದು ಸಂಸತ್ತಿಗೆ ಒಬ್ಬನನ್ನು ಕಳಿಸಿತು.

ಭಾರತದಲ್ಲಿ ಅಂಥ ಸ್ಥಾನ ಸದ್ಯಕ್ಕೆ ದೂರದ ಮಾತು. ಹತ್ತಿರದ್ದು ಕ್ಷೇತ್ರಗಳ ಮರುವಿಂಗಡಣೆ. 2002ರ ಕಾಯಿದೆಯಂತೆ ನಡೆದ ಹಿಂದಿನ ಮರುವಿಂಗಡಣೆಯಲ್ಲಿ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಗಳನ್ನು ಕೇಳಿ, ಬಹಿರಂಗ ಸಭೆ ನಡೆಸುವುದು ಕಡ್ಡಾಯವಾಗಿತ್ತು. ಮುಂದಿನ ಕರಡು ಬಂದಾಗ ಉಮರ್ಗಾ, ನಿಲಂಗಾ, ಉದಗೀರದ ಕನ್ನಡಿಗರು ತಮ್ಮ ಹಳ್ಳಿಗಳು ಯಾವ ಕ್ಷೇತ್ರಕ್ಕೆ ಬಿದ್ದಿವೆ ಎಂದು ನೋಡಿ, ಆಕ್ಷೇಪವಿದ್ದರೆ ಗಡುವಿನೊಳಗೆ ಬರೆದು ಕಳಿಸಬೇಕು. ಅದಕ್ಕೂ ಮೊದಲು, ಗಣತಿದಾರರು ಮನೆಗೆ ಬಂದಾಗ ತಾಯ್ನುಡಿಯ ಕಲಮಿನಲ್ಲಿ ಕನ್ನಡ ಎಂದು ಬರೆಸಬೇಕು.