ಕೈಸಾಲೆಗಳ ಊರು ಬೊಲೊನ್ಯಾ

ಇಟಲಿಗೆ ಹೋಗುವ ನಮ್ಮವರು ರೋಮನ್ನು ನೋಡುತ್ತಾರೆ, ಫ್ಲಾರೆನ್ಸನ್ನು ನೋಡುತ್ತಾರೆ, ವೆನಿಸ್ಸಿನಲ್ಲಿ ದೋಣಿ ಹತ್ತುತ್ತಾರೆ. ಫ್ಲಾರೆನ್ಸಿನಿಂದ ವೆನಿಸ್ಸಿಗೆ ಸಾಗುವ ರೈಲು ನಡುವೆ ಬೊಲೊನ್ಯಾದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿಯುವವರು ಕಡಮೆ. ಒಂದು ಊರಿನ ಕಟ್ಟಡಕ್ಕೂ ಅಡುಗೆಗೂ ಏನು ಸಂಬಂಧವೆಂದು ಕೇಳುವವರಿಗೆ ಈ ಊರು ವಿಚಿತ್ರವಾದೊಂದು ಉತ್ತರವನ್ನು ಇಟ್ಟುಕೊಂಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಬೆಳಿಗ್ಗೆ ನಿಲ್ದಾಣದಿಂದ ಹೊರಟವನು ಮಳೆಯಿದ್ದರೂ ಕೊಡೆ ಬಿಚ್ಚಬೇಕಾದದ್ದು ಅಪರೂಪ. ಬೀದಿಯ ಎರಡೂ ಮಗ್ಗುಲಲ್ಲಿ, ಮನೆಗಳ ಮೇಲಂತಸ್ತಿನ ಅಡಿಯಲ್ಲಿಯೇ, ಕಂಬ ಕಮಾನುಗಳ ಕೈಸಾಲೆ ಹಾದುಹೋಗುತ್ತದೆ. ಇಡೀ ಊರಿನಲ್ಲಿ ಇವುಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರು. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇವು ಹುಟ್ಟಿದ್ದು ಅಲಂಕಾರಕ್ಕಲ್ಲ, ಇಕ್ಕಟ್ಟಿನಿಂದ. 1088ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ವಿಶ್ವವಿದ್ಯಾಲಯಕ್ಕೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಹಳ್ಳಿಗಳಿಂದ ಕುಶಲಕರ್ಮಿಗಳೂ ಬಂದರು. ಕೋಣೆಗಳು ಸಾಲದಾದಾಗ ಮನೆಯವರು ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿದರು; ಚಾಚಿದ ಭಾರ ಕುಸಿಯದಂತೆ ಕೆಳಗೆ ಮರದ ಕಂಬ ಕೊಟ್ಟರು. ಬೇರೆ ನಗರಗಳು ಇಂಥ ಒತ್ತುವರಿಯನ್ನು ಕೆಡವಿಸಿದವು. ಬೊಲೊನ್ಯಾ 1288ರಲ್ಲಿ ಅದನ್ನೇ ಕಡ್ಡಾಯ ಮಾಡಿತು. ಕೈಸಾಲೆಯ ನೆಲ ಮನೆಯೊಡೆಯನದು, ರಿಪೇರಿಯ ಖರ್ಚೂ ಅವನದೇ. ಆದರೆ ನಡೆದಾಡುವ ಹಕ್ಕು ಎಲ್ಲರದು. ಈ ಒಂದು ಕಟ್ಟಳೆಯಲ್ಲಿರುವ ಪೌರಪ್ರಜ್ಞೆಯನ್ನು ನಾನು ಅಲ್ಲಿನ ಯಾವ ಅರಮನೆಗಿಂತಲೂ ದೊಡ್ಡದೆಂದು ಎಣಿಸುತ್ತೇನೆ. 1568ರ ಆಜ್ಞೆಯಂತೆ ಮರದ ಕಂಬಗಳ ಜಾಗಕ್ಕೆ ಇಟ್ಟಿಗೆ, ಕಲ್ಲು ಬಂದವು. ಆದರೂ ಮಾಜ್ಜೋರೆ ಬೀದಿಯ ಇಸೊಲಾನಿ ಮನೆಯ ಮುಂದೆ ಹದಿಮೂರನೆಯ ಶತಮಾನದ ಓಕ್ ಮರದ ಕಂಬಗಳು ಇನ್ನೂ ನಿಂತಿವೆ. ವಿದ್ಯಾರ್ಥಿಗಳಿಗೆ ಕೋಣೆ ಒದಗಿಸಲು ಬೆಳೆದ ಈ ಊರಿನಲ್ಲಿ ಇಂದು ಮನೆಗಳು ಪ್ರವಾಸಿಗಳ ಬಿಡಾರಗಳಾಗುತ್ತಿದ್ದು, ವಿದ್ಯಾರ್ಥಿಗೆ ಬಾಡಿಗೆಯ ಕೋಣೆ ದುರ್ಲಭವಾಗಿದೆ ಎಂಬುದು ಕಹಿಯಾದ ಸಂಗತಿ.

ಊರ ನಡುವೆ ಹನ್ನೆರಡನೆಯ ಶತಮಾನದ ಎರಡು ಗೋಪುರಗಳಿವೆ. ಅಸಿನೆಲ್ಲಿ 97 ಮೀಟರು ಎತ್ತರ. ಗರಿಸೆಂಡ ಅದರ ಅರ್ಧದಷ್ಟು, ಆದರೆ ವಾಲಿರುವುದು ಮೂರು ಮೀಟರಿಗೂ ಹೆಚ್ಚು. ನೆಲ ಕುಸಿದುದರಿಂದ ಹದಿನಾಲ್ಕನೆಯ ಶತಮಾನದಲ್ಲಿಯೇ ಇದರ ತಲೆಯನ್ನು ಇಳಿಸಿದ್ದರು. ವಾಲಿದ ಗೋಪುರದ ಮೇಲೆ ಮೋಡ ಹಾಯುವಾಗ ಅದೇ ಬಾಗಿ ಬೀಳುತ್ತಿರುವಂತೆ ತೋರುವುದನ್ನು ಡಾಂಟೆ ತನ್ನ ನರಕವರ್ಣನೆಯಲ್ಲಿ ಉಪಮೆಯಾಗಿ ಬಳಸಿದ್ದಾನೆ. ಕವಿಯ ಉಪಮೆ ಈಗ ಎಂಜಿನಿಯರರ ಚಿಂತೆಯಾಗಿದೆ. ಬುಡದ ಜಿಪ್ಸಮ್ ಕಲ್ಲು ಜೀರ್ಣವಾದುದನ್ನು ಕಂಡು 2023ರ ಅಕ್ಟೋಬರಿನಲ್ಲಿ ಸುತ್ತಲಿನ ಜಾಗವನ್ನು ಮುಚ್ಚಿದರು. ಪಕ್ಕದ ಅಸಿನೆಲ್ಲಿಯನ್ನು ಹತ್ತುವುದೂ ನಿಂತಿತು.

ಇನ್ನು ಊಟ. ದೊಡ್ಡ ಚೌಕದ ಮಗ್ಗುಲಿನ ಹಳೆಯ ಪೇಟೆಯ ಗಲ್ಲಿಗಳಲ್ಲಿ ಹೆಂಗಸರು ಮೈದಾ ಮತ್ತು ಮೊಟ್ಟೆ ಕಲಸಿದ ಹಿಟ್ಟನ್ನು ಮಾರುದ್ದದ ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸುವುದನ್ನು ನೋಡಬಹುದು. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನೀರಿಲ್ಲ. ಮರದ ಉಜ್ಜಿನಿಂದ ಹಾಳೆಯ ಮೈ ತುಸು ಒರಟಾಗುತ್ತದೆ; ಆ ಒರಟುತನವೇ ಮೇಲೆ ಹಾಕುವ ಮಾಂಸದ ರಸವನ್ನು ಹಿಡಿದಿಡುವುದು. ನುಣುಪಾದ ಸ್ಪ್ಯಾಗೆಟಿಯಿಂದ ಜಾರಿಹೋಗುವ ರಸ ಪಟ್ಟಿಯಂಥ ತಾಲ್ಯತೆಲ್ಲೆಗೆ ಅಂಟುತ್ತದೆ. ಜಗತ್ತೆಲ್ಲ ಬೊಲೊನ್ಯಾದ ಹೆಸರಿನಲ್ಲಿ ತಿನ್ನುವ ಸ್ಪ್ಯಾಗೆಟಿಯನ್ನು ಬೊಲೊನ್ಯಾದವರು ತಮ್ಮದೆಂದು ಒಪ್ಪದಿರುವುದಕ್ಕೆ ಕಾರಣ ಇದೇ.

ಆ ಪಟ್ಟಿಯ ಅಗಲ ಎಷ್ಟಿರಬೇಕು? ಮೊದಲು ಹೇಳಿದ ಉತ್ತರ ಇಲ್ಲಿದೆ. 1972ರಲ್ಲಿ ಊರಿನ ವಾಣಿಜ್ಯ ಮಂಡಲಿಯಲ್ಲಿ ಚಿನ್ನದ ತಾಲ್ಯತೆಲ್ಲೆಯೊಂದನ್ನು ಮಾದರಿಯಾಗಿ ಇರಿಸಿದರು. ಬೆಂದ ಮೇಲೆ ಎಂಟು ಮಿಲಿಮೀಟರು. ಎಂದರೆ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಪಾಲು! ಹಾಸ್ಯವೋ ಅಭಿಮಾನವೋ, ಉಣ್ಣುವವರೇ ಹೇಳಬೇಕು.

ನಮ್ಮ ಸಸ್ಯಾಹಾರಿಗಳಿಗೆ ಒಂದು ಮಾತು: ಪುಟ್ಟ ಉಂಗುರದಂಥ ತೊರ್ತೆಲ್ಲೀನಿಯಲ್ಲಿ ಹಂದಿಯ ಮಾಂಸವಿರುತ್ತದೆ, ಅದು ತೇಲುವುದೂ ಮಾಂಸದ ಸಾರಿನಲ್ಲಿ. ಅದರ ಅಕ್ಕನಂತಿರುವ ತೊರ್ತೆಲ್ಲೋನಿಯಲ್ಲಿ ತುಂಬುವುದು ರಿಕೊಟ್ಟ ಎಂಬ ಮೆದು ಗಿಣ್ಣು. ಬೆಣ್ಣೆ, ಸೇಜ್ ಎಲೆಗಳೊಡನೆ ಬಡಿಸುತ್ತಾರೆ. ಆದರೆ ಮೇಲೆ ಉದುರಿಸುವ ಪಾರ್ಮದ ಗಿಣ್ಣಿಗೆ ಕರುವಿನ ಜಠರದ ಹೆಪ್ಪು ಹಾಕಿರುತ್ತಾರೆ. ಕಟ್ಟುನಿಟ್ಟಿನವರು ಕೇಳಿ ತಿನ್ನುವುದು ಲೇಸು.

ಊಟದ ಬಳಿಕ ಸಾನ್ ಪೆತ್ರೋನಿಯೊ ಚರ್ಚು. 1390ರಲ್ಲಿ ಆರಂಭವಾದ ಇದರ ಮುಖಭಾಗ ಇಂದಿಗೂ ಅರ್ಧ ಅಮೃತಶಿಲೆ, ಅರ್ಧ ಬರಿಯ ಇಟ್ಟಿಗೆ. ಒಳಗೆ ನೆಲದ ಮೇಲೆ ಖಗೋಳವಿಜ್ಞಾನಿ ಕಸ್ಸೀನಿ 1655ರಲ್ಲಿ ಎಳೆಸಿದ ಸುಮಾರು 67 ಮೀಟರಿನ ಮಧ್ಯಾಹ್ನರೇಖೆಯಿದೆ. ಚಾವಣಿಯ ರಂಧ್ರದಿಂದ ಇಳಿದ ಬಿಸಿಲು ಅದರ ಮೇಲೆ ನಡೆಯುತ್ತದೆ.

ಸಂಜೆಗೆ ಬೆಟ್ಟದ ಮೇಲಿನ ಸಾನ್ ಲೂಕಾ. ಅಲ್ಲಿಯ ಮೇರಿಯಮ್ಮನ ಪಟವನ್ನು 1433ರಲ್ಲಿ ಊರೊಳಗೆ ಹೊತ್ತು ತಂದಾಗ ಬೆಳೆ ಕೊಳೆಸುತ್ತಿದ್ದ ಮಳೆ ನಿಂತಿತೆಂಬ ನಂಬಿಕೆ. ಅಂದಿನಿಂದ ವರ್ಷಕ್ಕೊಮ್ಮೆ ಮೆರವಣಿಗೆ. ಆ ದಾರಿಗೆಂದೇ 1674ರಿಂದ ಕೈಸಾಲೆ ಕಟ್ಟತೊಡಗಿದರು: 666 ಕಮಾನು, ನಾಲ್ಕು ಕಿಲೋಮೀಟರಿಗೆ ತುಸು ಕಡಮೆ. ಕಮಾನುಗಳಿಗೆ ಹಣ ಕೊಟ್ಟವರಲ್ಲಿ ಸಿರಿವಂತರಿದ್ದರು, ಕಸುಬುದಾರರ ಸಂಘಗಳಿದ್ದವು. ಸಾಮಗ್ರಿಯನ್ನು ಗುಡ್ಡಕ್ಕೆ ಏರಿಸುವುದು ಕಷ್ಟವಾದಾಗ, 1677ರ ಅಕ್ಟೋಬರಿನಲ್ಲಿ ಊರ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಅದನ್ನು ಮೇಲೆ ಮುಟ್ಟಿಸಿದರು.